ಎತ್ತದೆ ಉಳಿದ ಶಿಲುಬೆ

ನವೆಂಬರ್ ೧೧, ಮಂಗಳವಾರ

ಅವ್ವನನ್ನು ಮಣ್ಣು ಮಾಡಿ ಇವತ್ತಿಗೆ ಎಂಟು ದಿನ. ಮೆಕ್ಸಿಕೋದ ನಮ್ಮ ಮನೆಯಲ್ಲಿ ಅವಳನ್ನು ಮಲಗಿಸಿದ್ದ ಜಾಗದಲ್ಲಿ ಸುಣ್ಣದ ಪುಡಿಯಿಂದ ಶಿಲುಬೆ ಬರೆದಿದ್ದಾರೆ. ನಾಳೆ, ಒಂಬತ್ತನೇ ದಿನ, ಹಿರಿಮಗಳು ಅದನ್ನು ಬಾಚಿ ಎತ್ತಿ ಗೋರಿಗೆ ಒಯ್ಯಬೇಕು. ಆಮೇಲೆಯೇ ಜೀವ ಮನೆ ಬಿಡುವುದು. ಹಿರಿಮಗಳು ನಾನು. ಇರುವುದು ಅಮೆರಿಕದ ನೆಬ್ರಾಸ್ಕಾದಲ್ಲಿ, ಕಾಗದಪತ್ರವಿಲ್ಲದೆ.

ಬೆಳಿಗ್ಗೆ ಮತ್ತೆ ವಕೀಲೆ ಡೋರೀನ್‌ಗೆ ಫೋನ್ ಮಾಡಿದೆ. ನಾನು ಕೆಲಸಕ್ಕಿದ್ದ ಮಾಂಸದ ಕಾರ್ಖಾನೆಯ ಮೇಸ್ತ್ರಿ ನನಗೆ ಚೂರಿಯಿಂದ ಇರಿದದ್ದು, ನಾನು ಪೊಲೀಸರಿಗೆ ಸಾಕ್ಷಿ ಹೇಳಿದ್ದು, ಅದರ ಮೇಲೆ, ಅಪರಾಧಕ್ಕೆ ಬಲಿಯಾಗಿ ಸಾಕ್ಷಿ ಹೇಳಿದವರಿಗೆ ಇಲ್ಲಿ ಕೊಡುವ ವೀಸಾಕ್ಕೆ ಅರ್ಜಿ ಹಾಕಿದ್ದು, ಎಲ್ಲ ಆಗಿ ಆರು ವರ್ಷವಾಯಿತು.

"ಮೂರೇ ದಿನ, ಹೋಗಿ ಬಂದುಬಿಡ್ತೀನಿ," ಎಂದೆ.

"ಹೋಗೋದನ್ನ ಯಾರೂ ತಡೆಯಲ್ಲ. ವಾಪಸ್ ಬಿಡ್ತಾರಾ ಅಂತ ಮಾತ್ರ ನನ್ನನ್ನ ಕೇಳಬೇಡಿ," ಎಂದಳು.

ಇಷ್ಟು ನಯವಾಗಿ ಮಾತಾಡುವವಳ ಮೇಲೆ ಸಿಟ್ಟಾಗುವುದಾದರೂ ಹೇಗೆ?

ಸಂಜೆ ಊರಲ್ಲಿರುವ ತಂಗಿ ಫಿದೆಲಾಗೆ ಫೋನ್ ಮಾಡಿ, ಶಿಲುಬೆಯನ್ನು ನೀನೇ ಎತ್ತಿಬಿಡು ಎಂದೆ.

"ನಾನ್ಯಾಕೆ ಎತ್ತಲಿ? ನೀನು ಬರೋತನಕ ಅದು ಹಾಗೇ ಇರುತ್ತೆ ಅಕ್ಕ. ನಾವು ತುಳೀದೆ ಸುತ್ತಿಕೊಂಡು ಓಡಾಡ್ತೀವಿ."

ವೀಸಾ ಬರಲು ಇನ್ನೆಷ್ಟು ವರ್ಷವೋ. ಅಲ್ಲಿಯವರೆಗೆ ಅವ್ವನೂ ನನ್ನ ಹಾಗೆ ಕಾಯುತ್ತಾ ಕೂರಬೇಕೇ? ಕಣ್ಣು ಮುಚ್ಚಿದರೆ ಅದೇ ನೆಲ ಕಾಣುತ್ತದೆ. ಆ ಮನೆಯ ಹಿಂಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಒಂದು ಕಲ್ಲು ಅಡ್ಡ ಇಡು ಎಂದು ಫಿದೆಲಾಗೆ ಹೇಳುವುದನ್ನೇ ಮರೆತೆ. ಜೋರು ಗಾಳಿ ಬೀಸಿದರೆ ಆ ಸುಣ್ಣ ನಾನು ಹೋಗಿ ಎತ್ತುವ ಮೊದಲೇ ಹಾರಿಹೋಗುತ್ತದೆ.