ಕಿವಿಯಲ್ಲಿ ಹೇಳಿದ ತೂಕ

ಮಾರ್ಚ್ ೩, ಮಂಗಳವಾರ, ಸಂಜೆ

ಓಟ್ಸ್ ಇವತ್ತೂ ಅಂಟಾಯಿತು. ಬೆಳಿಗ್ಗೆ ಅರ್ಧ ತಿಂದು ಅರ್ಧ ಮುಚ್ಚಿಟ್ಟಿದ್ದೆ. ಸಂಜೆ ಬಂದು ಅದನ್ನೇ ತಿಂದೆ. ಇವರು ಇಣುಕಿ ನೋಡಿ, "ಗೋಡೆಗೆ ಪೋಸ್ಟರ್ ಅಂಟಿಸೋದಕ್ಕಾ?" ಅಂದರು. ಮದುವೆಯಾಗಿ ಇಪ್ಪತ್ತೆಂಟು ವರ್ಷ. ಇವರ ಜೋಕಿಗೆ ನಗುವ ಶಕ್ತಿ ಇವತ್ತು ಇರಲಿಲ್ಲ. ರೆಡಿಮೇಡ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆಳಗಿನಿಂದ ಹದಿನಾಲ್ಕು ಪ್ಯಾಂಟಿನ ಸೊಂಟ ಬಿಚ್ಚಿ ಅಗಲ ಮಾಡಿದ್ದೇನೆ. ಊರೆಲ್ಲ ಅಗಲವಾಗುತ್ತಿದೆ. ಸವೆಯುತ್ತಿರುವುದು ನನ್ನ ಮಂಡಿ ಮಾತ್ರ.

ಅದೇ ಮಂಡಿಗಾಗಿ ಆರೋಗ್ಯ ಕೇಂದ್ರದ ಗುಂಪಿಗೆ ಹೋಗುವುದು. ಐದನೇ ವಾರ. ದಿನಕ್ಕೆ ಮೂವತ್ತು ಗ್ರಾಂ ನಾರು — ಕಾಳು, ಸೊಪ್ಪು, ಸಿಪ್ಪೆ ಸಮೇತ ಹಣ್ಣು, ತೌಡು ಒಂದು ಚಮಚ. ಹೊಟ್ಟೆಯೊಳಗೆ ಬ್ಯಾಂಡ್‌ಸೆಟ್ಟು.

ಇವತ್ತು ಹೊಸಬಳೊಬ್ಬಳು ಬಂದಳು. ಶಾಲೆ ಬಸ್ಸಿನ ಡ್ರೈವರ್. ನಲವತ್ತಿರಬಹುದು. ನರ್ಸಮ್ಮ ಅವಳನ್ನು ನನಗೆ ಜೋಡಿ ಹಾಕಿದರು. ನಿಯಮ ಹೇಳಿದರು — ಮನೆಯಲ್ಲಿ ತೂಕದ ಮೆಷಿನ್ ಇರಕೂಡದು. ಮಂಗಳವಾರ ಮಾತ್ರ ತೂಕ. ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಜೋಡಿಯವರು ಬೆನ್ನ ಹಿಂದೆ ನಿಂತು ನಂಬರ್ ಓದಿ, ಕಿವಿಯಲ್ಲಿ ಹೇಳಿ, ಕಾರ್ಡಿನಲ್ಲಿ ಬರೆಯಬೇಕು. "ಯಾರ ತೂಕವೂ ಡಂಗುರ ಆಗಬಾರದು," ಅನ್ನುತ್ತಾರೆ ನರ್ಸಮ್ಮ.

ಯಾಕೆ ಬಂದೆ ಅಂತ ಎಲ್ಲರೂ ಮೊದಲ ದಿನ ಹೇಳಬೇಕು. ಅವಳು ಎದ್ದು ನಿಂತು ಹೇಳಿದಳು. "ನನ್ನ ತಮ್ಮನಿಗೆ ಎರಡೂ ಕಿಡ್ನಿ ಹೋಗಿದೆ. ನಂದು ಹೊಂದುತ್ತೆ. ಆದ್ರೆ ಎಪ್ಪತ್ತೇಳಕ್ಕೆ ಇಳಿದು ಬಾ, ಆಮೇಲೆ ತಗೋತೀವಿ ಅಂದಿದಾರೆ ಡಾಕ್ಟ್ರು. ಮೇ ಇಪ್ಪತ್ತೊಂದಕ್ಕೆ ತೂಕ ನೋಡ್ತಾರೆ."

ರಿಟೈರಾದ ಪೋಸ್ಟ್‌ಮ್ಯಾನ್ ಮಾಮ ಒಬ್ಬರಿದ್ದಾರೆ, ಅವರಿಗೆ ಮೌನ ಆಗದು. "ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯ್ತಂತೆ. ಇಲ್ಲಿ ನಾರಿನ ಜೊತೆ ನಾವು ಹೋಗೋದು," ಅಂದರು. ನರ್ಸಮ್ಮ ಕಣ್ಣು ಕೆಕ್ಕರಿಸಿದರು. "ಸ್ವರ್ಗದ ಮಾತು ಈಗ ಯಾಕೆ ಮಾಮ?" ಆದರೆ ಡ್ರೈವರಮ್ಮ ನಕ್ಕಳು. ಒಳ್ಳೆಯ ನಗು.

ಅವಳ ತೂಕ ೮೪.

ಮಾರ್ಚ್ ೧೦, ಮಂಗಳವಾರ

೮೩.೪. ಕಿವಿಯಲ್ಲಿ ಹೇಳಿದ ಕೂಡಲೇ ನನ್ನ ಕೈ ಹಿಡಿದು ಕುಲುಕಿದಳು. ಬಸ್ಸಿನ ಗೇರ್ ಹಿಡಿಯುವ ಕೈ. ಇನ್ನೂ ನೋಯುತ್ತಿದೆ.

ನನ್ನದು ಇನ್ನೂರು ಗ್ರಾಂ ಏರಿದೆ. ಎಷ್ಟಿದೆಯೋ ಅಷ್ಟನ್ನೇ ಹೇಳಿದಳು.

ಪೋಸ್ಟ್ ಮಾಮನ ತೂಕ ಮೂರು ವಾರದಿಂದ ಅಲ್ಲೇ ನಿಂತಿದೆ. ನರ್ಸಮ್ಮ ಅವರನ್ನು ಕೂರಿಸಿಕೊಂಡು ಕೆದಕಿ ಕೆದಕಿ ಕೇಳಿದರು. ಹೆಂಡತಿ ಸೇಬಿನ ಸಿಪ್ಪೆ ಹೆರೆದು ಕೊಡುತ್ತಾಳಂತೆ, ಸೂಪನ್ನು ಸೋಸಿ ಕೊಡುತ್ತಾಳಂತೆ. ನಾರೆಲ್ಲ ಕಸದ ಬುಟ್ಟಿಗೆ! ನರ್ಸಮ್ಮನದು ಒಂದೇ ದಾರಿ. ಇಳಿಯುತ್ತಿರುವವರನ್ನು ಏನೂ ಕೇಳುವುದಿಲ್ಲ, ಕಾರ್ಡು ನೋಡಿ ಮುಂದೆ ಹೋಗುತ್ತಾರೆ. ನಿಂತವರನ್ನು ಮಾತ್ರ ಬಿಡುವುದಿಲ್ಲ.

ಮಾರ್ಚ್ ೧೭, ಮಂಗಳವಾರ, ಸಂಜೆ ೭

ಒಂದು ಕೆಲಸ ಮಾಡಿದೆ. ಬರೆದುಬಿಡುತ್ತೇನೆ.

ಡ್ರೈವರಮ್ಮ ತಡವಾಗಿ ಬಂದಳು. ತಮ್ಮನನ್ನು ಡಯಾಲಿಸಿಸ್‌ನಿಂದ ಮನೆಗೆ ಬಿಟ್ಟು ಬಂದಿದ್ದಳು. ಕಣ್ಣು ಕೆಂಪಗಿತ್ತು. ಗೋಡೆಗೆ ಮುಖ ಮಾಡಿ ನಿಂತು, "ಹೇಳಿ ಅಕ್ಕ, ಬೇಗ ಹೇಳಿ" ಅಂದಳು. ೮೩.೮. ಏರಿತ್ತು. ಅವಳ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು.

"ಎಂಬತ್ಮೂರು," ಅಂದೆ. ಕಾರ್ಡಿನಲ್ಲೂ ಅದನ್ನೇ ಬರೆದೆ.

ನಾಲಿಗೆ ತಾನಾಗಿಯೇ ಹೇಳಿತು. ಅಂಗಡಿಯಲ್ಲಿ ದಿನಾ ಹೇಳುವುದೇ ಅಲ್ಲವೇ. ಸೊಂಟ ಮೂವತ್ತೆಂಟಿದ್ದರೆ ಮೂವತ್ತೇಳು ಅನ್ನು, ಮೂವತ್ತೊಂಬತ್ತಕ್ಕೆ ಹೊಲಿ. ಕೆಲಸ ಕಲಿಸಿದ ಮೇಷ್ಟ್ರು ಮೊದಲ ದಿನ ಹೇಳಿಕೊಟ್ಟ ಪಾಠ. ಗಿರಾಕಿಯ ಮನಸ್ಸೂ ಉಳಿಯಿತು, ಬಟ್ಟೆಯೂ ಕೂತಿತು. ಮೂವತ್ತು ವರ್ಷದಲ್ಲಿ ಒಬ್ಬರೂ ದೂರು ಹೇಳಲಿಲ್ಲ.

ಮುಂದಿನ ವಾರ ನಿಜವಾಗಿಯೂ ಇಳಿದಿರುತ್ತಾಳೆ. ಸರಿಹೋಗುತ್ತದೆ.

ಮಾರ್ಚ್ ೨೪

೮೩.೫. ಹೋದ ವಾರ ೮೩ ಬರೆದ ಮೇಲೆ ಈಗ ೮೩.೫ ಬರೆದರೆ ಏರಿತು ಅಂತಾಗುತ್ತದೆ. ೮೨.೪ ಬರೆದೆ.

ಮಾರ್ಚ್ ೩೧

ಮತ್ತೆ ೮೩.೫. ಬರೆದದ್ದು ೮೧.೮. ನರ್ಸಮ್ಮ ಕಾರ್ಡು ನೋಡಿ, "ಶಭಾಷ್, ಹೀಗೇ ಮಾಡು" ಅಂದು ಮುಂದೆ ಹೋದರು.

ಸುಸ್ತು. ಬೀನ್ಸ್ ಬೇಯಿಸಿದ್ದೂ ಇಳಿಸಿಟ್ಟದ್ದೂ ನೆನಪಿಲ್ಲ. ತಳ ಹಿಡಿದಿತ್ತು.

ಏಪ್ರಿಲ್ ೧೪

ಬರೆಯಲು ಏನೂ ಇಲ್ಲ. ಇದೆ, ಬರೆಯಲು ಮನಸ್ಸಿಲ್ಲ.

ಪೋಸ್ಟ್ ಮಾಮ ಅವಳಿಗೆ, "ಮುಖ ಇಳಿದಿದೆ ಕಣಮ್ಮ, ಚೆನ್ನಾಗಿ ಕಾಣ್ತಿದೆ" ಅಂದರು. ಮುಖ ಇಳಿದಿರುವುದು ನಿದ್ದೆಯಿಲ್ಲದೆ.

ಏಪ್ರಿಲ್ ೨೨, ಬುಧವಾರ, ರಾತ್ರಿ

ಡ್ರೈವರಮ್ಮ ಅಂಗಡಿಗೇ ಬಂದಳು. ಕೈಯಲ್ಲಿ ಯೂನಿಫಾರ್ಮ್ ಪ್ಯಾಂಟು. "ಅಕ್ಕ, ನಾಲ್ಕು ಕಿಲೋ ಇಳಿದಿದೀನಿ. ಸೊಂಟ ಒಂದಿಂಚು ಹಿಡಿದು ಕೊಡಿ. ಸೊಂಟದ ಪಟ್ಟೀಲಿ ಎಲಾಸ್ಟಿಕ್ ಇದೆ, ಅದಕ್ಕೇ ಗೊತ್ತಾಗ್ತಿಲ್ಲ."

ಅಳತೆ ತೆಗೆಯದೆ ಇದ್ದರೆ ಸಂಶಯ ಬರುತ್ತದೆ. ತೆಗೆದೆ. ಟೇಪು ಎಷ್ಟು ಹೇಳಬೇಕೋ ಅಷ್ಟೇ ಹೇಳಿತು. ನಾನು, "ಇಟ್ಟು ಹೋಗು, ನಾಳೆ ತಗೊಂಡು ಹೋಗು" ಅಂದೆ.

ಸಂಜೆಯವರೆಗೆ ಪ್ಯಾಂಟು ನನ್ನ ಮೆಷಿನ್ ಮೇಲೆ ಬಿದ್ದಿತ್ತು. ಕೊನೆಗೆ ಒಂದು ಹೊಲಿಗೆಯನ್ನೂ ಮುಟ್ಟದೆ ಇಸ್ತ್ರಿ ಹಾಕಿ ಮಡಚಿಟ್ಟೆ. ಅಂಗಡಿ ಯಜಮಾನರು, "ಆಲ್ಟರ್ ಆಯ್ತಾ?" ಅಂದರು. ಆಯಿತು ಅಂದೆ. ಒಂದು ಸುಳ್ಳಿಗೆ ಎಷ್ಟು ಜನ ಪಾಲುದಾರರು!

ಏಪ್ರಿಲ್ ೨೪, ಶುಕ್ರವಾರ

ದಾರಿಯಲ್ಲಿ ಸಿಗ್ನಲ್ಲಿಗೆ ಬಸ್ಸು ನಿಂತಿತ್ತು. ಕಿಟಕಿಯಿಂದ ಕೂಗಿದಳು. "ಅಕ್ಕ! ಪ್ಯಾಂಟು ಏನ್ ಚೆನ್ನಾಗಿ ಕೂತಿದೆ!" ಬಸ್ಸಿನ ಮಕ್ಕಳೆಲ್ಲ ನನಗೆ ಕೈ ಬೀಸಿದವು. ನಾನೂ ಬೀಸಿದೆ.

ಮೇ ೫, ಮಂಗಳವಾರ, ಸಂಜೆ

ಇವತ್ತು ಗೊತ್ತಾಯಿತು, ಯಾಕೆ ಇಳಿಯುತ್ತಿಲ್ಲ ಅಂತ. ಗೊತ್ತಾಗದಿದ್ದರೇ ಚೆನ್ನಾಗಿತ್ತು.

ಕೇಂದ್ರದ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ನನ್ನ ಬಾಟಲಿ ಮುಂದೆ ಹಿಡಿದೆ. ಬೇಡ ಅಂದಳು. "ನೀರು ಕುಡಿಯೋ ಅಭ್ಯಾಸವೇ ತಪ್ಪಿಹೋಗಿದೆ ಅಕ್ಕ. ಬೆಳಿಗ್ಗೆ ಆರಕ್ಕೆ ಸೀಟಲ್ಲಿ ಕೂತ್ರೆ ಒಂಬತ್ತೂವರೆವರೆಗೂ ಏಳೋ ಹಾಗಿಲ್ಲ. ಮಧ್ಯದಲ್ಲಿ ಬಂದ್ರೆ ಮಕ್ಕಳನ್ನ ಬಿಟ್ಟು ಎಲ್ಲಿಗೆ ಓಡಲಿ?"

"ಮತ್ತೆ ಇಷ್ಟು ನಾರು ತಿಂದು ನೀರು ಕುಡೀದೆ ಇದ್ರೆ?"

"ಹೊಟ್ಟೆ ಕಲ್ಲು. ಅದಕ್ಕೇ ಕಾಳು, ತೌಡು ಎಲ್ಲ ಬಿಟ್ಟೆ. ಮಂಗಳವಾರ ನಿಮ್ಮೆದುರು ತಿಂತೀನಲ್ಲ, ಅಷ್ಟೇ." ದನಿ ತಗ್ಗಿಸಿದಳು. "ಡಿಪೋದಲ್ಲಿ ಹಸಿವಾದಾಗ ಬನ್ನು ತಿಂತೀನಿ ಅಕ್ಕ. ಎರಡು, ಮೂರು. ಆದ್ರೂ ಇಳೀತಾ ಇದೆಯಲ್ಲ. ಅಂದ್ರೆ ನನ್ನ ಮೈಗೆ ಇದೇ ಒಗ್ಗಿದೆ ಅಂತ ತಾನೇ?"

ಅವಳ ಬನ್ನಿಗೆ ಕಾರಣ ನಾನು ಬರೆದ ಕಾರ್ಡು. ಕಾರ್ಡು ನಿಂತಿದ್ದರೆ ನರ್ಸಮ್ಮ ಎರಡನೇ ವಾರವೇ ಕೂರಿಸಿಕೊಂಡು ಕೇಳುತ್ತಿದ್ದರು. ನೀರು ಹೊರಬರುತ್ತಿತ್ತು, ಬನ್ನು ಹೊರಬರುತ್ತಿತ್ತು.

"ಬನ್ನು ಬಿಟ್ಟುಬಿಡು. ನೀರು ಕುಡಿ," ಅಂದೆ. ಅಷ್ಟೇ ಅಂದೆ.

"ಯಾಕೆ? ಇಳೀತಿದೆಯಲ್ಲ?"

ನಿಜ ೮೨.೨. ಬರೆದದ್ದು ೭೮.೩.

ಮೇ ೧೨

ಇವತ್ತು ಹೇಳುತ್ತೇನೆ ಅಂತ ಹೋದೆ. ಹೇಳಲಿಲ್ಲ.

ಮೇ ೧೯, ಮಂಗಳವಾರ

ಹೇಳಲೇಬೇಕೆಂದು ಅಂಗಡಿಗೆ ಅರ್ಧ ದಿನ ರಜೆ ಹಾಕಿ ಮೊದಲೇ ಹೋಗಿ ಕೂತಿದ್ದೆ. ಅವಳು ತಮ್ಮನನ್ನು ಕರೆದುಕೊಂಡು ಬಂದಳು.

ಮೂವತ್ತರ ಹುಡುಗ. ಕೈಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಹಗ್ಗದಂತೆ ಎದ್ದ ನರ. ಎಲ್ಲರಿಗೂ ಒಂದೊಂದು ಪೇರಳೆ ಹಣ್ಣು ತಂದಿದ್ದ. "ಸಿಪ್ಪೆ ಸಮೇತ ತಿನ್ನಬೇಕಂತೆ, ಅಕ್ಕ ಹೇಳಿದಾಳೆ" ಅಂದ. ಅವನಿಗೆ ತಿನ್ನುವ ಹಾಗಿಲ್ಲ. ನನ್ನ ಹತ್ತಿರ ಬಂದು, "ನಮ್ಮಕ್ಕನ ಜೋಡಿ ನೀವೇ ಅಲ್ವಾ? ಮನೇಲೆಲ್ಲ ನಿಮ್ದೇ ಮಾತು. ನೀವು ಇಲ್ದಿದ್ರೆ ಅವಳು ಎರಡನೇ ವಾರಕ್ಕೇ ಬಿಡ್ತಿದ್ಲು" ಅಂದ.

ಅವನೆದುರು ಹೇಗೆ ಹೇಳುವುದು? ಹೇಳಬೇಕಿತ್ತು. ಅವನೆದುರೇ ಹೇಳಬೇಕಿತ್ತು.

ಮೆಷಿನ್ನು ೮೧.೬ ಅಂದಿತು. ನಾನು ಎಪ್ಪತ್ತೇಳು ಅಂದೆ. ಅವಳು ಕಿರುಚಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಮೇ ೨೧, ಗುರುವಾರ

ಬೆಳಗಿನಿಂದ ಫೋನು ಮುಂದೆ ಇಟ್ಟುಕೊಂಡು ಗುಂಡಿಯ ಕಾಜಾ ಹೊಲಿಯುತ್ತಿದ್ದೆ. ನಾಲ್ಕು ಸಲ ಬೆರಳು ಚುಚ್ಚಿಕೊಂಡೆ.

ಮೂರು ಗಂಟೆಗೆ ಫೋನ್ ಬಂತು. ಅಳುತ್ತಿರಲಿಲ್ಲ, ಸಿಟ್ಟಾಗಿದ್ದಳು. "ಅಕ್ಕ, ಈ ಆಸ್ಪತ್ರೆ ಮೆಷಿನ್ನು ಕೆಟ್ಟಿದೆ. ಎಂಬತ್ತೊಂದು ಮುಕ್ಕಾಲು ತೋರಿಸ್ತಿದೆ! ಮೂರು ಮೆಷಿನ್ ಮೇಲೆ ನಿಲ್ಲಿಸಿದ್ರು, ಮೂರೂ ಕೆಟ್ಟಿದೆ. ಜೂನ್ ನಾಲ್ಕರ ಆಪರೇಷನ್ ಕ್ಯಾನ್ಸಲ್ ಅಂತಾರೆ. ಇನ್ನು ಆಗಸ್ಟಿಗಂತೆ. ಅಲ್ಲೀವರೆಗೂ ಇವನ ಮೈ ತಡೀಬೇಕಲ್ಲ? ನನ್ನ ಜೋಡಿ ಅಕ್ಕ ಕೈಯಾರ ಬರೆದ ಕಾರ್ಡಿದೆ, ತಂದು ತೋರಿಸ್ತೀನಿ ಅಂದೆ. ನಾಳಿದ್ದು ನೀವೂ ಬರ್ತೀರ ಅಲ್ವಾ ಅಕ್ಕ? ಸಾಕ್ಷಿ ಹೇಳೋಕೆ?"

ಮೇ ೨೩, ಶನಿವಾರ, ಮಧ್ಯಾಹ್ನ ೨

ಹೇಳಿದೆ.

ಡಿಪೋದಲ್ಲಿ ಬಸ್ಸು ಖಾಲಿ ನಿಂತಿತ್ತು. ಅವಳು ಡ್ರೈವರ್ ಸೀಟಿನಲ್ಲಿ, ಮಡಿಲಲ್ಲಿ ಕಾರ್ಡು. ಆಸ್ಪತ್ರೆಗೆ ಹೊರಡಲು ತಯಾರಾಗಿದ್ದಳು. ನಾನು ಮಕ್ಕಳ ಸೀಟಿನಲ್ಲಿ ಕೂತೆ, ಮಂಡಿ ಹಿಡಿಸಲಿಲ್ಲ, ಅಡ್ಡ ಕೂತೆ. ಆಸ್ಪತ್ರೆ ಮೆಷಿನ್ ಸರಿಯಾಗಿದೆ ಅಂದೆ. ಸುಳ್ಳು ನಾನು ಅಂದೆ. ನೀನು ಅವತ್ತು ಅತ್ತುಕೊಂಡು ಬಂದಿದ್ದೆ, ಅದಕ್ಕೆ — ಅಂತ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದೆ. ಆ ಮಾತು ನನ್ನ ಕಿವಿಗೇ ಹೇಸಿಗೆಯಾಯಿತು.

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಜೇಬಿನಿಂದ ಪೆನ್ನು ತೆಗೆದಳು. "ನಿಜವಾದ್ದು ಹೇಳಿ. ಮಾರ್ಚ್ ಹದಿನೇಳು."

"ಎಂಬತ್ಮೂರು ಪಾಯಿಂಟ್ ಎಂಟು."

ನಾನು ಬರೆದದ್ದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಬರೆದುಕೊಂಡಳು. ಒಂದೊಂದೇ ವಾರ ಕೇಳಿದಳು. ಎಂಬತ್ಮೂರೂವರೆ. ಮತ್ತೆ ಎಂಬತ್ಮೂರೂವರೆ. ಎಂಬತ್ಮೂರು ಪಾಯಿಂಟ್ ಒಂದು... ಹತ್ತು ವಾರದ್ದೂ ಹೇಳಿದೆ. ಎಲ್ಲೂ ತಡವರಿಸಲಿಲ್ಲ.

ಪೆನ್ನಿನ ಕ್ಯಾಪ್ ಹಾಕಿ ಕಾರ್ಡನ್ನೇ ನೋಡುತ್ತ ಕೂತಳು. ಆಮೇಲೆ ಕೇಳಿದಳು.

"ಇಷ್ಟೂ ನೆನಪಿತ್ತಾ ನಿಮಗೆ? ಪ್ರತಿ ವಾರದ್ದೂ?"

ಹೂಂ ಅಂದೆ.

ಬಸ್ಸಿನ ಬಾಗಿಲು ತೆರೆಯುವ ಸ್ವಿಚ್ ಒತ್ತಿದಳು. ಇಳಿದು ಬಂದೆ.

ಮೇ ೨೬, ಮಂಗಳವಾರ

ನರ್ಸಮ್ಮನಿಗೂ ಎಲ್ಲರಿಗೂ ನಾನೇ ಹೇಳಿದೆ. ನರ್ಸಮ್ಮ ಡ್ರೈವರಮ್ಮನನ್ನು ಕೂರಿಸಿಕೊಂಡರು. ಹತ್ತೇ ನಿಮಿಷ. ನೀರು, ಬನ್ನು, ಬಿಟ್ಟ ಕಾಳು, ಎಲ್ಲ ಹೊರಬಂತು. ಶಾಲೆಯ ಗೇಟಿನ ಹತ್ತಿರ ಟಾಯ್ಲೆಟ್ಟಿಗೆ ಐದು ನಿಮಿಷ ಬಿಡಬೇಕು ಅಂತ ನರ್ಸಮ್ಮ ಅಲ್ಲೇ ಕೂತು ಪ್ರಿನ್ಸಿಪಾಲರಿಗೆ ಪತ್ರ ಬರೆದರು. ಹತ್ತು ನಿಮಿಷದ ಕೆಲಸ. ಹತ್ತು ವಾರ ತಿಂದುಹಾಕಿದ್ದು ನಾನು.

ಡ್ರೈವರಮ್ಮನ ಜೋಡಿ ಇನ್ನು ಪೋಸ್ಟ್ ಮಾಮ. ನನಗೆ ಜೋಡಿ ಇಲ್ಲ. ನರ್ಸಮ್ಮನೇ ನೋಡುತ್ತಾರೆ.

ಗುಂಪು ಬಿಡುತ್ತೇನೆ ಅಂದೆ ಮನೆಯಲ್ಲಿ. ಇವರು ಜೋಕು ಮಾಡಲಿಲ್ಲ. "ಬಿಟ್ರೆ ನಿನಗೆ ಸುಲಭ," ಅಂದರು.

ಜೂನ್ ೯

ಹೋದೆ. ಬಂದೆ. ಅವಳು ನನ್ನ ಕಡೆ ನೋಡುವುದಿಲ್ಲ. ದೊಡ್ಡ ಬಾಟಲಿ ಹಿಡಿದುಕೊಂಡೇ ಕೂತಿರುತ್ತಾಳೆ. ತಮ್ಮ ಮತ್ತೆ ಆಸ್ಪತ್ರೆಯಲ್ಲಿದ್ದಾನಂತೆ, ಉಸಿರಾಟದ ತೊಂದರೆ. ಪೋಸ್ಟ್ ಮಾಮ ಹೇಳಿದ್ದು. ಆಪರೇಷನ್ ಆಗಿದ್ದಿದ್ದರೆ ಇವತ್ತಿಗೆ ಐದು ದಿನ.

ಜೂನ್ ೧೬, ಮಂಗಳವಾರ, ಸಂಜೆ ೬

ಪೋಸ್ಟ್ ಮಾಮ ಮಗಳ ಊರಿಗೆ ಹೋಗಿದ್ದಾರೆ. ನರ್ಸಮ್ಮ ತಾವೇ ಓದಲು ಎದ್ದರು. ಅಷ್ಟರಲ್ಲಿ ಡ್ರೈವರಮ್ಮ ಮೆಷಿನ್ ಹತ್ತಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ತಿರುಗದೆಯೇ ಹೇಳಿದಳು. "ನೀವು ಬೇಡ ನರ್ಸಮ್ಮ. ಅವರು ಓದಲಿ."

ಅಕ್ಕ ಅನ್ನಲಿಲ್ಲ.

ಹೋದೆ. ಬೆನ್ನ ಹಿಂದೆ ನಿಂತೆ. ೮೦.೧. ಬೇಕಾದ್ದು ಎಪ್ಪತ್ತೇಳು, ಉಳಿದದ್ದು ಆರೇಳು ವಾರ. ಕಿವಿಯ ಹತ್ತಿರ ಬಾಗಿದೆ. ದೇವರಾಣೆ, ಬಾಯಿಗೆ ಎಪ್ಪತ್ತೊಂಬತ್ತು ಬಂದಿತ್ತು.

ಅವಳು ತಲೆ ಆಚೆ ಸರಿಸಿಕೊಂಡಳು. "ಕಿವೀಲಿ ಬೇಡ. ಜೋರಾಗಿ ಹೇಳಿ. ಎಲ್ಲರಿಗೂ ಕೇಳಲಿ."

ಎಂಬತ್ತು ಅಂದೆ. ಅವಳ ಭುಜ ಕುಸಿಯಿತು, ನೋಡಿದೆ. ಆದರೂ ನಿಲ್ಲಿಸಲಿಲ್ಲ. ಎಂಬತ್ತು ಪಾಯಿಂಟ್ ಒಂದು, ಅಂದೆ, ಎಲ್ಲರಿಗೂ ಕೇಳುವ ಹಾಗೆ.