ಲ್ಯಾಪ್‌ಟಾಪಿನ ಮೈಕಿಗೆ ಬಿದ್ದ ಕೆಮ್ಮು

ಕಾಮಯಗೌಂಡನ್‌ಪಟ್ಟಿ
ಸೋಮವಾರ

ಸರಸಕ್ಕಾ,

ಆಂಡಿ ಮಾಮ ನೀನಿರುವ ಒಡ್ಡನ್‌ಛತ್ರದ ಮಾರ್ಕೆಟ್ಟಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನನ್ನ ತಮಿಳು ಟೈಪಿಂಗ್ ಪಾಠದ ವಿಡಿಯೋ ಕೆಳಗೆ ಹೆಸರು ಹಾಕದೆ ಬರೆದವಳು ನೀನೇ. ಸ್ಕ್ರೀನ್ ರೆಕಾರ್ಡ್ ಮಾಡುವಾಗ ಯುಎಸ್‌ಬಿ ಮೈಕ್ ಆರಿಸಿಲ್ಲ, ಲ್ಯಾಪ್‌ಟಾಪಿನ ಮೈಕಿಗೆ ಮನೆಯ ಸದ್ದೆಲ್ಲ ಬೀಳುತ್ತಿದೆ ಅಂತ ಯಾರು ಬೇಕಾದರೂ ಬರೆದಾರು. "ಅವ್ವಂಗೆ ಕೆಮ್ಮು ಯಾವತ್ತಿಂದ?" ಅಂತ ನಮ್ಮ ಮನೆಮಾತು ಕನ್ನಡದಲ್ಲಿ ಇನ್ಯಾರು ಕೇಳುತ್ತಾರೆ?

ನೀನು ಹೇಳಿದಂತೆ ಸೆಟ್ಟಿಂಗ್ ಬದಲಾಯಿಸಿದೆ. ನನ್ನ ದನಿ ಮಾತ್ರ ಬಂತು, ಮನೆಯ ಸದ್ದು ಹೋಯಿತು. ಅದನ್ನು ಅವ್ವನಿಗೆ ಕೇಳಿಸಿ, ನೀನು ಬರೆದದ್ದನ್ನೂ ಓದಿ ಹೇಳಿದೆ. ಅವಳು ಎದ್ದು ಬಂದು ಯುಎಸ್‌ಬಿ ಮೈಕಿನ ವೈರು ಕಿತ್ತಳು.

ಈಗ ನಾನು ರೆಕಾರ್ಡಿಂಗ್ ಶುರುಮಾಡಿದರೆ ಸಾಕು, ಅವರೆಕಾಯಿ ಮೊರ ತಂದು ಲ್ಯಾಪ್‌ಟಾಪಿನ ಪಕ್ಕ ಕೂರುತ್ತಾಳೆ. ಕಾಯಿ ಸುಲಿಯುತ್ತಾ ಊರಿನ ಸುದ್ದಿ, ಕೆಮ್ಮಿನ ಮದ್ದು, ಎಲ್ಲ ಹೇಳುತ್ತಾಳೆ. ಪಾಠ ಕೇಳುವವರು ನನ್ನನ್ನು ಬೈಯುತ್ತಿದ್ದಾರೆ.

ಬುಧವಾರ ಹೊಸ ಪಾಠ ಹಾಕುತ್ತೇನೆ. ಸೌಂಡ್ ಜಾಸ್ತಿ ಇಟ್ಟುಕೊಂಡು ಕೇಳು. ನೀನು ಹೇಳದೆ ಮದುವೆಯಾದ ದಿನ, ಇನ್ನು ನಿನ್ನ ಹತ್ತಿರ ಫೋನಲ್ಲಿ ಮಾತಾಡಲ್ಲ ಅಂತ ಅವ್ವ ಅಪ್ಪನಿಗೆ ಮಾತು ಕೊಟ್ಟಿದ್ದಾಳಲ್ಲ. ಇದು ಫೋನಲ್ಲವಂತೆ.

ನಿನ್ನ ತಂಗಿ
ನಿವೇತಾ