ಪುನರ್ಪುಳಿ ಪಾಕಕ್ಕೆ ಬಿದ್ದ ಉಪ್ಪು

ಝೀಟಾ ಮಗಳೇ,

ನೀನು ಇಗರ್ಜಿಯಿಂದ ಬರುವಷ್ಟರಲ್ಲಿ ಅಪ್ಪನೂ ನಾನೂ ಮಣಿಪಾಲದ ಬಸ್ಸು ಹತ್ತಿರುತ್ತೇವೆ. ಅವರ ಬಾಯಿಯ ಹುಣ್ಣನ್ನು ದೊಡ್ಡ ಆಸ್ಪತ್ರೆಯಲ್ಲಿ ತೋರಿಸಬೇಕು. ಗಂಜಿ ಮುಚ್ಚಿಟ್ಟಿದ್ದೇನೆ, ಉಣ್ಣು.

ಒಲೆಯ ಪಕ್ಕದ ಪಾತ್ರೆಯಲ್ಲಿರುವ ಪುನರ್ಪುಳಿ ಪಾಕವನ್ನು ತೆಂಗಿನ ಬುಡಕ್ಕೆ ಚೆಲ್ಲು. ನಿನ್ನೆ ಅಪ್ಪ ಸಕ್ಕರೆಯೆಂದು ಅದಕ್ಕೆ ಉಪ್ಪು ಸುರಿದರು. ಆಮೇಲೆ ಸೌಟಿನಲ್ಲಿ ರುಚಿ ನೋಡಿ, "ಸರಿ ಉಂಟು ಸೆಲೀನ್, ಬ್ರಾಂಡಿಗೆ ಬೆರೆಸಲು ಇದೇ ಹದ" ಎಂದರು. ಬೊಂಬಾಯಿಯ ಕ್ಲಬ್ಬಿನಲ್ಲಿ ಇಪ್ಪತ್ತು ವರ್ಷ ದೊರೆಗಳಿಗೆ ಗ್ಲಾಸು ಬೆರೆಸಿಕೊಟ್ಟ ಮನುಷ್ಯ!

ಹೊಸ ಪಾಕ ನೀನೇ ಮಾಡು. ನೆನೆಸಿಟ್ಟ ಸಿಪ್ಪೆ ಹಿಂಡಿ, ರಸಕ್ಕೆ ಸಮ ಸಕ್ಕರೆ ಹಾಕಿ, ಬೆರಳಿಗೆ ಅಂಟುವವರೆಗೆ ಕುದಿಸು. ಶುಂಠಿ ಸ್ವಲ್ಪ ಸಾಕು, ನಿನ್ನ ಕೈ ಯಾವಾಗಲೂ ಜೋರು. ಅಪ್ಪ ತೊಳೆದಿಟ್ಟ ಬಾಟಲಿಗಳಿಗೇ ತುಂಬು. ಭಾನುವಾರ ನಿನ್ನ ನಿಶ್ಚಿತಾರ್ಥಕ್ಕೆ ಬಂದವರು ಹೊಗಳಿದರೆ, ಅಪ್ಪ ಮಾಡಿದ್ದೆಂದೇ ಹೇಳಬೇಕು. ಬ್ರಾಂಡಿ ಅಕ್ಕಿಮುಡಿಯ ಹಿಂದೆಯೇ ಇರಲಿ. ಪಾನನಿಷೇಧದ ಪೊಲೀಸರು ಮೊನ್ನೆ ಪಕ್ಕದ ಮನೆ ಹುಡುಕಿದ್ದಾರೆ.

ಕಾರ್ಕಳದ ಡಾಕ್ಟರು ಕಳೆದ ವಾರ ನನ್ನೊಬ್ಬಳನ್ನೇ ಕರೆದು, "ನಾಲಿಗೆಯ ಬುಡದಲ್ಲಿ ಗಡ್ಡೆ ಉಂಟು, ತಡ ಮಾಡಬೇಡಿ" ಎಂದರು. ಅಪ್ಪ ಬರೇ ಹುಣ್ಣೆಂದು ತಿಳಿದಿದ್ದಾರೆ. ನಿನ್ನ ಮುಖ ನೋಡಿ ಹೇಳಲು ನನ್ನಿಂದ ಆಗಲಿಲ್ಲ.

ಮಧ್ಯಾಹ್ನ ಪಾದ್ರಿಗಳನ್ನು ಕಂಡು ಬಾ. ಈಸ್ಟರ್ ಕಳೆದ ಮೇಲೆ ಎಂದಿದ್ದ ಮದುವೆಯನ್ನು ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಮೊದಲೇ ಮಾಡಿಸಿಕೊಡಿ ಎಂದು ಕೇಳು. ಯಾಕೆಂದು ಕೇಳಿದರೆ, ಅಪ್ಪನ ಕೈ ಹಿಡಿದೇ ಇಗರ್ಜಿಯೊಳಗೆ ನಡೆಯಬೇಕು ಎನ್ನು.

ಅಮ್ಮ